ಯಾವ ಅಧ್ಯಯನಕ್ಕೆ ಯಾವ ಪ್ರಶ್ನೆ ಕೇಳಬೇಕು?

(ಸಾಗರದಲ್ಲಿ ಕಾಲೇಜು ವಿದ್ಯಾರ್ಥಿಗಳು, ಮೇಷ್ಟ್ರುಗಳು, ಆಶಾ ಕಾರ್ಯಕರ್ತೆಯರು ಮತ್ತು ಅಡಿಕೆ ಬೆಳೆಗಾರರು ಸೇರಿದ್ದ ಸಭೆಯಲ್ಲಿ ಆಡಿದ ಮಾತಿನ ಬರಹ ರೂಪ. ಮಾತಿನ ಧಾಟಿಯನ್ನು ಆದಷ್ಟೂ ಹಾಗೇ ಉಳಿಸಿಕೊಂಡಿದ್ದೇನೆ.)

ಎಲ್ಲರಿಗೂ ನಮಸ್ಕಾರ.

ಈ ಜಿಲ್ಲೆಯಲ್ಲಿ ಕೂತು ಸಂಶೋಧನೆಯ ಬಗ್ಗೆ ಮಾತಾಡುವವರು ಉದಾಹರಣೆ ಹುಡುಕಿಕೊಂಡು ದೂರ ಹೋಗಬೇಕಾಗಿಲ್ಲ. ಮಂಗನ ಕಾಯಿಲೆಯಿಂದಾಗಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನ ಹೆಸರು ಜಗತ್ತಿನ ವೈದ್ಯಕೀಯ ಪುಸ್ತಕಗಳಲ್ಲಿ ಸೇರಿದೆ. ಇದೇ ಸಾಗರ ತಾಲ್ಲೂಕಿನ ಹಂದಿಗೋಡಿನ ಹೆಸರು ಒಂದು ಮೂಳೆ ಕಾಯಿಲೆಗೆ ಅಂಟಿಕೊಂಡಿದೆ. ಇನ್ನು ಅಡಿಕೆ. ಪ್ರಪಂಚದ ಯಾವ ಮೂಲೆಯಲ್ಲಿ ಅದರ ಮೇಲೆ ಒಂದು ವರದಿ ಬಂದರೂ ಮಾರನೇ ದಿನ ಇಲ್ಲಿ ಧಾರಣೆಯ ಮಾತು ಶುರುವಾಗುತ್ತದೆ. ಇವತ್ತು ಈ ಮೂರನ್ನೂ ಇಟ್ಟುಕೊಂಡೇ ಮಾತಾಡುತ್ತೇನೆ.

ಕಾಲೇಜಿನಲ್ಲಿ ನಮಗೆ ಒಂದು ಪಿರಮಿಡ್ ಚಿತ್ರ ತೋರಿಸುತ್ತಾರೆ. ತಳದಲ್ಲಿ ಒಬ್ಬಿಬ್ಬರು ರೋಗಿಗಳ ವರದಿ. ಅದರ ಮೇಲೆ ಕೇಸ್-ಕಂಟ್ರೋಲ್ ಅಧ್ಯಯನ, ಅಂದರೆ ಕಾಯಿಲೆ ಬಂದವರನ್ನೂ ಬಾರದವರನ್ನೂ ಹೋಲಿಸಿ ನೋಡುವುದು. ಅದರ ಮೇಲೆ ಕೋಹಾರ್ಟ್, ಅಂದರೆ ಒಂದು ಗುಂಪಿನ ಜನರನ್ನು ವರ್ಷಗಟ್ಟಲೆ ಹಿಂಬಾಲಿಸಿ ನೋಡುವುದು. ಅದರ ಮೇಲೆ ರಾಂಡಮೈಸ್ಡ್ ಟ್ರಯಲ್, ಅಂದರೆ ಚೀಟಿ ಎತ್ತಿ ಗುಂಪು ಮಾಡುವ ಪ್ರಯೋಗ. ತುದಿಯಲ್ಲಿ ಇವನ್ನೆಲ್ಲ ಸೇರಿಸಿ ಬರೆದ ವಿಮರ್ಶೆ. ಮೇಲಿನದು ಒಳ್ಳೆಯದು, ಕೆಳಗಿನದು ಕಳಪೆ. ಪರೀಕ್ಷೆಯಲ್ಲಿ ಇಷ್ಟು ಬರೆದರೆ ಮಾರ್ಕ್ಸ್ ಬರುತ್ತದೆ. ಆದರೆ ಇಷ್ಟನ್ನೇ ನಂಬಿಕೊಂಡು ಒಂದು ವರದಿ ಓದಲು ಕೂತರೆ ಎಡವುತ್ತೇವೆ.

1957ರಲ್ಲಿ ಏನಾಯಿತು ನೋಡಿ. ಕ್ಯಾಸನೂರು ಕಾಡಿನಲ್ಲಿ ಮಂಗಗಳು ಸಾಯುತ್ತಿದ್ದವು. ಕಾಡಂಚಿನ ಊರುಗಳಲ್ಲಿ ಜನ ಜೋರು ಜ್ವರ ಬಂದು ಮಲಗಿದರು. ಮಂಗ ಸಾಯೋದು, ಮನುಷ್ಯರಿಗೆ ಜ್ವರ ಬರೋದು ಎರಡೂ ಒಟ್ಟಿಗೆ ಕಂಡಾಗ, ಮಂಗ, ಮನುಷ್ಯ ಇಬ್ಬರಿಗೂ ಬರುವ ಹಳದಿ ಜ್ವರ ಭಾರತಕ್ಕೂ ಕಾಲಿಟ್ಟಿತೇನೋ ಎಂಬ ಭಯ ಹುಟ್ಟಿತು. ಪುಣೆಯ ವೈರಸ್ ಸಂಶೋಧನಾ ಕೇಂದ್ರದಿಂದ ಟೆಲ್ಫರ್ಡ್ ವರ್ಕ್ ಮತ್ತು ಅವರ ಜೊತೆಯವರು ಬಂದರು. ಸತ್ತ ಮಂಗಗಳನ್ನು ಪರೀಕ್ಷಿಸಿದರು, ರೋಗಿಗಳ ರಕ್ತ ತೆಗೆದರು, ಕಾಡಿನ ಉಣುಗುಗಳನ್ನು ಹಿಡಿದರು. ಸಿಕ್ಕಿದ್ದು ಹಳದಿ ಜ್ವರದ ವೈರಸ್ ಆಗಿರಲಿಲ್ಲ. ರಷ್ಯಾದ ಕಡೆ ಉಣುಗುಗಳಿಂದ ಹರಡುವ ಮಿದುಳಿನ ಉರಿಯೂತದ ವೈರಸ್‌ಗೆ ನೆಂಟಸ್ತನ ಇರುವ, ಆವರೆಗೆ ಯಾರೂ ಕಂಡಿರದ ವೈರಸ್ ಅದು.

ಇದರಲ್ಲಿ ಚೀಟಿ ಎತ್ತಿದವರು ಯಾರೂ ಇಲ್ಲ. ಹೋಲಿಸಿ ನೋಡಲು ಇನ್ನೊಂದು ಗುಂಪೂ ಇಲ್ಲ. ಪಿರಮಿಡ್ಡಿನ ಪ್ರಕಾರ ತಳಮಟ್ಟದ ಕೆಲಸ. ಆದರೂ ಅರವತ್ತು ವರ್ಷ ಕಳೆದರೂ ಅದನ್ನು ಯಾರೂ ಅಲ್ಲಾಡಿಸಲು ಆಗಿಲ್ಲ. ಅವರು ಕೇಳಿಕೊಂಡ ಪ್ರಶ್ನೆ 'ಇದೇನು ಕಾಯಿಲೆ?' ಎಂಬುದು. ಆ ಪ್ರಶ್ನೆಗೆ ಬೇಕಾದದ್ದು ಒಳ್ಳೆಯ ಕಣ್ಣು, ಒಳ್ಳೆಯ ಪ್ರಯೋಗಾಲಯ ಮತ್ತು ಕಾಡಲ್ಲಿ ಓಡಾಡುವ ಕಾಲು. 'ಲಸಿಕೆ ಕೆಲಸ ಮಾಡುತ್ತಾ?' ಎಂದು ಕೇಳಿದ್ದರೆ ಇದೇ ವಿಧಾನ ಪೂರ್ತಿ ಸೋಲುತ್ತಿತ್ತು.

ಒಂದೊಂದು ಬಗೆಯ ಅಧ್ಯಯನಕ್ಕೂ ಹಾದಿ ತಪ್ಪಲು ತನ್ನದೇ ಆದ ದಾರಿ ಇರುತ್ತದೆ. ವರದಿ ಕೈಗೆ ಬಂದಾಗ ನಾವು ನೋಡಬೇಕಾದದ್ದು, ಈ ಜಾತಿಯ ಅಧ್ಯಯನ ಸಾಮಾನ್ಯವಾಗಿ ಎಲ್ಲಿ ಎಡವುತ್ತದೆ, ಇವರು ಅಲ್ಲಿ ಹುಷಾರಾಗಿದ್ದರಾ ಎಂದು. ಎಲ್ಲಕ್ಕೂ ಒಂದೇ ಪ್ರಶ್ನೆಪತ್ರಿಕೆ ಹಂಚಿದರೆ ಉಪಯೋಗ ಇಲ್ಲ.

ಹಂದಿಗೋಡಿಗೆ ಬರೋಣ. 1970ರ ದಶಕದ ಮಧ್ಯದಲ್ಲಿ ಅಲ್ಲಿನ ಕೆಲವು ಬಡ ದಲಿತ ಕುಟುಂಬಗಳಲ್ಲಿ ಸೊಂಟ, ಮಂಡಿ ಹಿಡಿದುಕೊಂಡು ನಡೆಯಲಾಗದೇ ಹೋದವರು ಕಂಡುಬಂದರು. ಕೆಲವರು ಕುಳ್ಳಗೇ ಉಳಿದಿದ್ದರು. 1977ರಲ್ಲಿ ಹೊರಬಂದ ವೈದ್ಯಕೀಯ ವರದಿ ಇದನ್ನು ಮಲೆನಾಡಿನಲ್ಲಿ ಕುಟುಂಬಗಳಲ್ಲಿ ಹರಿದುಬರುವ ಸಂಧಿವಾತ ಎಂದು ಕರೆಯಿತು. ಇದರ ಜೊತೆಗೇ ಒಂದು ಗುಮಾನಿ ಬೆಳೆಯಿತು. ಗದ್ದೆಗೆ ಕೀಟನಾಶಕ ಹೊಡೆಯಲು ಶುರುಮಾಡಿದ ಕಾಲ ಅದು. ಈ ಮನೆಗಳವರು ಗದ್ದೆಯ ಏಡಿ, ಮೀನು ಹಿಡಿದು ತಿನ್ನುತ್ತಿದ್ದರು. ವಿಷ ಹೊಟ್ಟೆ ಸೇರಿ ಮೂಳೆಗೆ ಬಂತು ಎಂಬ ಮಾತು ಎಷ್ಟು ಸರಿಯಾಗಿ ಹೊಂದಿಕೊಂಡಿತೆಂದರೆ, ಈಗಲೂ ಕೆಲವರ ಬಾಯಲ್ಲಿ ಅದೇ ಇದೆ.

ಇಲ್ಲಿ ಕೇಳಬೇಕಾದ ಪ್ರಶ್ನೆ ಯಾವುದು? ಒಂದು ಮನೆಯವರು ಅನ್ನವನ್ನೂ ಹಂಚಿಕೊಳ್ಳುತ್ತಾರೆ, ರಕ್ತವನ್ನೂ ಹಂಚಿಕೊಳ್ಳುತ್ತಾರೆ. ಒಂದೇ ಮನೆಯಲ್ಲಿ ನಾಲ್ಕು ಜನರಿಗೆ ಬಂತು ಎನ್ನುವುದರಿಂದ ಇದು ಊಟದ್ದಾ, ವಂಶದ್ದಾ ಎಂದು ಗೊತ್ತಾಗುವುದಿಲ್ಲ. ಗೊತ್ತಾಗಬೇಕಾದರೆ ಕಾಯಿಲೆ ಬಾರದವರನ್ನೂ ನೋಡಬೇಕು. ಅದೇ ಗದ್ದೆಯ ಏಡಿ ತಿಂದ ಪಕ್ಕದ ಮನೆಯವರಿಗೆ ಏನಾಯಿತು? ಈ ಮನೆಗೆ ಬೇರೆ ಊರಿಂದ ಮದುವೆಯಾಗಿ ಬಂದು, ಇದೇ ಊಟ ಉಂಡ ಸೊಸೆಗೆ ಬಂತಾ? ಈ ಮನೆಯಿಂದ ಬೇರೆ ಊರಿಗೆ ಮದುವೆಯಾಗಿ ಹೋದ ಮಗಳ ಮಕ್ಕಳಿಗೆ ಬಂತಾ? ಬರೀ ರೋಗಿಗಳನ್ನು ಎಣಿಸಿದರೆ ಇದಕ್ಕೆ ಉತ್ತರ ಸಿಗುವುದಿಲ್ಲ. ಮನೆಮನೆಯ ವಂಶವೃಕ್ಷ ಬರೆಯಬೇಕು. ಚೆನ್ನಾಗಿರುವವರಿಗೂ ಎಕ್ಸ್-ರೇ ತೆಗೆಯಬೇಕು. ಮುಂದಿನ ಅಧ್ಯಯನಗಳು ಆ ದಾರಿ ಹಿಡಿದವು. ಇದು ಮೂಳೆಯ ಬೆಳವಣಿಗೆಯಲ್ಲೇ ಇರುವ, ಅಪ್ಪ ಅಥವಾ ಅಮ್ಮ ಒಬ್ಬರಿಂದಲೇ ಮಗುವಿಗೆ ದಾಟಬಲ್ಲ ವಂಶವಾಹಿ ಕಾಯಿಲೆ ಎಂಬಲ್ಲಿಗೆ ಬಂದು ನಿಂತವು.

ಹಾಗಂತ ಮೊದಲಿನ ವರದಿಯನ್ನು ಕಳಪೆ ಎನ್ನಬೇಡಿ. ಆ ವರದಿ ಇಲ್ಲದೇ ಇದ್ದರೆ ಆ ಮನೆಗಳ ಕಷ್ಟ ಯಾರ ಕಣ್ಣಿಗೂ ಬೀಳುತ್ತಿರಲಿಲ್ಲ. ರೋಗಿಗಳ ವರದಿ ಓದುವಾಗ ಕೇಳಬೇಕಾದ್ದು ಇಷ್ಟೇ: ಊರಿನ ಎಲ್ಲ ರೋಗಿಗಳನ್ನೂ ನೋಡಿದರಾ, ಇಲ್ಲ ಆಸ್ಪತ್ರೆಗೆ ಬಂದವರನ್ನು ಮಾತ್ರವಾ? ಯಾರನ್ನು ರೋಗಿ ಎಂದು ಲೆಕ್ಕ ಹಿಡಿದರು? ಕಣ್ಣಾರೆ ಕಂಡದ್ದೆಷ್ಟು, ಊಹೆ ಎಷ್ಟು ಎಂದು ಬೇರೆ ಬೇರೆ ಬರೆದಿದ್ದಾರಾ? ಬರೆದಿದ್ದರೆ ಒಳ್ಳೆಯ ವರದಿ.

ಈಗ ಮಂಗನ ಕಾಯಿಲೆಯ ಲಸಿಕೆ. ಇಲ್ಲಿ ಸ್ವಲ್ಪ ಜಾಸ್ತಿ ಹೊತ್ತು ನಿಲ್ಲುತ್ತೇನೆ. ಈ ಸಭೆಯಲ್ಲಿ ಅದನ್ನು ಹಾಕಿಸಿಕೊಂಡವರಿದ್ದೀರಿ, ಮನೆಮನೆಗೆ ಹೋಗಿ ಜನರನ್ನು ಕರೆತಂದವರೂ ಇದ್ದೀರಿ.

1994ರಲ್ಲಿ ಪ್ರಕಟವಾದ ಅಧ್ಯಯನದ ಪ್ರಕಾರ ಒಂದು ಡೋಸ್ ಲಸಿಕೆ ಶೇ. 79ರಷ್ಟು, ಎರಡು ಡೋಸ್ ಶೇ. 93ರಷ್ಟು ರಕ್ಷಣೆ ಕೊಟ್ಟಿತು. 2005ರಿಂದ 2010ರವರೆಗಿನ ಲೆಕ್ಕ ಹಿಡಿದು 2013ರಲ್ಲಿ ಇನ್ನೊಂದು ಅಧ್ಯಯನ ಬಂತು. ಅದರಲ್ಲಿ ಒಂದು ಡೋಸ್‌ನಿಂದ ಹೇಳಿಕೊಳ್ಳುವಂಥ ಲಾಭ ಕಾಣಲಿಲ್ಲ. ಎರಡು ಡೋಸ್‌ಗೆ ಶೇ. 62. ಎರಡು ಡೋಸ್ ಆದ ಮೇಲೆ ಬೂಸ್ಟರ್ ಕೂಡ ತಗೊಂಡವರಿಗೆ ಶೇ. 83. ಲಸಿಕೆ ಒಂದೇ, ಕಾಯಿಲೆ ಒಂದೇ, ಸೀಮೆಯೂ ಹೆಚ್ಚುಕಡಿಮೆ ಅದೇ. ಉತ್ತರ ಮಾತ್ರ ಬೇರೆ. ಯಾವುದನ್ನು ನಂಬೋದು?

ಮೊದಲು ಶೇ. 62 ಎಂದರೇನು ಎಂದು ನೋಡೋಣ. ಲೆಕ್ಕಕ್ಕೆಂದು ಇಟ್ಟುಕೊಳ್ಳಿ: ಲಸಿಕೆ ಹಾಕಿಸಿಕೊಳ್ಳದ ಸಾವಿರ ಜನರಲ್ಲಿ 10 ಜನರಿಗೆ ಕಾಯಿಲೆ ಬಂತು. ಹಾಕಿಸಿಕೊಂಡ ಸಾವಿರ ಜನರಲ್ಲಿ 4 ಜನರಿಗೆ ಬಂತು. ಹತ್ತರಲ್ಲಿ ಆರು ತಪ್ಪಿತು, ಅಂದರೆ ಶೇ. 60. ಎಲ್ಲ ಸೇರಿ ಹದಿನಾಲ್ಕೇ ರೋಗಿಗಳ ಮೇಲೆ ಈ ಇಡೀ ಲೆಕ್ಕ ನಿಂತಿದೆ. ಅವರಲ್ಲಿ ಇಬ್ಬರು ಆ ಕಡೆಯಿಂದ ಈ ಕಡೆಗೆ ಬಂದರೂ ಶೇಕಡಾವಾರು ಎಲ್ಲೋ ಹೋಗುತ್ತದೆ. ಅದಕ್ಕೇ ಪ್ರಾಮಾಣಿಕ ಸಂಶೋಧಕರು ಒಂದು ಅಂಕಿ ಮಾತ್ರ ಕೊಡುವುದಿಲ್ಲ, ಅದರ ಅಕ್ಕಪಕ್ಕದ ವ್ಯಾಪ್ತಿಯನ್ನೂ ಕೊಡುತ್ತಾರೆ. 2013ರ ಅಧ್ಯಯನದ ಎರಡು ಡೋಸ್‌ನ ವ್ಯಾಪ್ತಿ ಶೇ. 26ರಿಂದ 81ರವರೆಗೆ ಇದೆ. ಪೇಪರಿನವರು 62 ಎಂದು ಬರೆದು ಮುಗಿಸುತ್ತಾರೆ. 26 ಇರಬಹುದಾದ ಲಸಿಕೆಗೂ 81 ಇರಬಹುದಾದ ಲಸಿಕೆಗೂ ಅಜಗಜಾಂತರ, ಅಲ್ವಾ?

ಎರಡನೆಯದು ಇದಕ್ಕಿಂತ ದೊಡ್ಡ ವಿಷಯ. ಲಸಿಕೆ ಹಾಕಿಸಿಕೊಂಡವರು ಯಾರು? ಇಲ್ಲಿ ಯಾರೂ ಚೀಟಿ ಎತ್ತಲಿಲ್ಲ. ಜನ ಬಂದರು ಅಥವಾ ಬರಲಿಲ್ಲ. ಹಾಗಾದರೆ ಬಂದವರೂ ಬಾರದವರೂ ಒಂದೇ ತರಹದವರಾ?

ಸೊಪ್ಪಿಗೆ, ದರಗಿಗೆ, ದನ ಹೊಡೆದುಕೊಂಡು ದಿನಾ ಕಾಡಿಗೆ ಹೋಗುವವರನ್ನು ತಗೊಳ್ಳಿ. ಉಣುಗು ಕಚ್ಚುವುದು ಇವರಿಗೇ ಜಾಸ್ತಿ. ಆದರೆ ಆ ಲಸಿಕೆ ಚುಚ್ಚಿದರೆ ತೋಳು ವಿಪರೀತ ನೋಯುತ್ತಿತ್ತು. ಮಾರನೇ ದಿನದ ಕೂಲಿ ಹೋಯಿತು ಎಂದೇ ಲೆಕ್ಕ. ಒಂದು ಸಲಕ್ಕೆ ಮುಗಿಯುವುದೂ ಇಲ್ಲ. ತಿಂಗಳು ಬಿಟ್ಟು ಇನ್ನೊಂದು, ಆಮೇಲೆ ಬೂಸ್ಟರ್, ಆಮೇಲೆ ವರ್ಷ ವರ್ಷ. ಇವರು ತಪ್ಪಿಸಿಕೊಂಡು, ಕಾಡಿಗೆ ಹೋಗದ ಮನೆಯವರೇ ಹೆಚ್ಚು ಹಾಕಿಸಿಕೊಂಡರು ಎಂದುಕೊಳ್ಳಿ. ಆಗ ಲಸಿಕೆ ಹಾಕಿಸಿಕೊಂಡವರಲ್ಲಿ ಕಾಯಿಲೆ ಕಡಿಮೆ ಕಾಣುತ್ತದೆ. ಅದರಲ್ಲಿ ಲಸಿಕೆಯ ಪಾಲೆಷ್ಟು, ಕಾಡಿಗೆ ಹೋಗದೇ ಇದ್ದುದರ ಪಾಲೆಷ್ಟು? ಲಸಿಕೆ ಇರುವುದಕ್ಕಿಂತ ಚೆನ್ನಾಗಿ ಕಾಣುತ್ತದೆ.

ಇದನ್ನೇ ತಿರುಗಿಸಿ ನೋಡಿ. ಮನೆ ಹಿಂದೆಯೇ ಮಂಗ ಸತ್ತು ಬಿದ್ದಿದೆ. ಹೆದರಿಕೆಯಾಗಿ ಆ ಕೇರಿಯವರೆಲ್ಲ ಓಡಿಬಂದು ಹಾಕಿಸಿಕೊಂಡರು. ಎರಡು ಹರದಾರಿ ಆಚೆ ಇರುವವರು ನಮಗ್ಯಾಕೆ ಎಂದರು. ಈಗ ಲಸಿಕೆ ಹಾಕಿಸಿಕೊಂಡವರಿಗೇ ಅಪಾಯ ಜಾಸ್ತಿ. ಲಸಿಕೆ ಇರುವುದಕ್ಕಿಂತ ಕೆಟ್ಟದಾಗಿ ಕಾಣುತ್ತದೆ. ಸರ್ಕಾರದ ಲಸಿಕೆ ಅಭಿಯಾನವೂ ಕಾಯಿಲೆ ಕಂಡ ಜಾಗದ ಸುತ್ತ 5 ಕಿಲೋಮೀಟರ್ ಒಳಗಿನ ಊರುಗಳಲ್ಲೇ ನಡೆಯುತ್ತಿತ್ತು. ಲಸಿಕೆ ಹಾಕಿದ ಊರನ್ನು ಹಾಕದ ಊರಿನ ಜೊತೆ ಸುಮ್ನೆ ಹೋಲಿಸಿದರೆ, ಲಸಿಕೆಯಿಂದಲೇ ಕಾಯಿಲೆ ಬಂತು ಎಂಬ ಹಾಗೆ ಕಂಡರೂ ಆಶ್ಚರ್ಯವಿಲ್ಲ!

ಇನ್ನೂ ಒಂದಿದೆ. ಜ್ವರ ಬಂದವರಲ್ಲಿ ಯಾರ ರಕ್ತ ಪರೀಕ್ಷೆಗೆ ಹೋಯಿತು? ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ಹೋಗಿ ಲಸಿಕೆ ಹಾಕಿಸಿಕೊಳ್ಳುವ ಮನುಷ್ಯ ಜ್ವರ ಬಂದರೂ ಅಲ್ಲಿಗೇ ಹೋಗುತ್ತಾನೆ, ಅವನ ರಕ್ತ ಶಿವಮೊಗ್ಗದ ಪ್ರಯೋಗಾಲಯ ತಲುಪುತ್ತದೆ. ಲಸಿಕೆಗೆ ಬಾರದವನು ಜ್ವರಕ್ಕೂ ಕಷಾಯ ಕುಡಿದು ಮಲಗುತ್ತಾನೆ. ಅವನ ಕಾಯಿಲೆ ಲೆಕ್ಕಕ್ಕೇ ಸಿಗುವುದಿಲ್ಲ. ಹೀಗೂ ಆಗಬಹುದು: 'ನೀನು ಲಸಿಕೆ ಹಾಕಿಸಿಕೊಂಡಿದ್ದೀಯಲ್ಲ, ಇದು ಬೇರೆ ಜ್ವರ ಇರಬೇಕು' ಎಂದು ಪರೀಕ್ಷೆಯನ್ನೇ ಬಿಟ್ಟುಬಿಡಬಹುದು. ಒಂದರಿಂದ ಲಸಿಕೆಗೆ ನಷ್ಟ, ಇನ್ನೊಂದರಿಂದ ಲಾಭ.

ಇಂಥ ಅಧ್ಯಯನ ಓದುವಾಗ ಬರೀ 'ಪಕ್ಷಪಾತ ಇದೆ' ಎಂದು ಹೇಳಿ ಕೈತೊಳೆದುಕೊಳ್ಳುವವರು ತುಂಬಾ ಜನ. ಅದು ಸುಲಭ, ಆದರೆ ಅರ್ಧ ಕೆಲಸ. ಆ ಪಕ್ಷಪಾತ ಉತ್ತರವನ್ನು ಯಾವ ಕಡೆಗೆ ಎಳೆಯುತ್ತದೆ ಎಂದು ಹೇಳಬೇಕು. ಅಪಾಯ ಜಾಸ್ತಿ ಇರುವವರೇ ಹಾಕಿಸಿಕೊಂಡಿದ್ದರೂ ಲಸಿಕೆ ಕೆಲಸ ಮಾಡಿದಂತೆ ಕಂಡರೆ, ನನ್ನ ನಂಬಿಕೆ ಹೆಚ್ಚುತ್ತದೆ. ಅಪಾಯ ಕಡಿಮೆ ಇರುವವರೇ ಹಾಕಿಸಿಕೊಂಡಿದ್ದರೆ, ಅದೇ ಅಂಕಿಯನ್ನು ನಾನು ಅರ್ಧ ನಂಬುತ್ತೇನೆ. ಕಾಡಿಗೆ ಹೋಗುವುದನ್ನು ಕೇಳಿ ಬರೆದುಕೊಂಡಿದ್ದಾರಾ, ಒಂದೇ ಊರಿನೊಳಗೆ ಹೋಲಿಸಿದ್ದಾರಾ, ಯಾರಿಗೆ ಪರೀಕ್ಷೆ ಮಾಡಿದರು ಎಂದು ಹೇಳಿದ್ದಾರಾ, ಇವನ್ನು ನೋಡಿ.

ಆ ಹಳೆಯ ಲಸಿಕೆ ಈಗಿಲ್ಲ. ಶಕ್ತಿ ಸಾಲುತ್ತಿಲ್ಲ ಎಂದು 2022ರ ಹೊತ್ತಿಗೆ ನಿಂತೇ ಹೋಯಿತು.

ಚೀಟಿ ಎತ್ತಿದರೆ ಈ ತಲೆನೋವೆಲ್ಲ ಹೋಗುತ್ತದಲ್ಲ ಎಂದು ಕೇಳುತ್ತೀರಿ. ಹೌದು, ಬಹಳಷ್ಟು ಹೋಗುತ್ತದೆ. ಮುಟ್ಟು ನಿಂತ ಮೇಲೆ ಹಾರ್ಮೋನ್ ಮಾತ್ರೆ ತಗೊಳ್ಳುವ ಹೆಂಗಸರಿಗೆ ಹೃದಯದ ಕಾಯಿಲೆ ಕಡಿಮೆ ಎಂದು ಅಮೆರಿಕದಲ್ಲಿ ದೊಡ್ಡ ದೊಡ್ಡ ಕೋಹಾರ್ಟ್ ಅಧ್ಯಯನಗಳು ಹೇಳಿದ್ದವು. 16,608 ಹೆಂಗಸರನ್ನು ಚೀಟಿಯ ಮೇಲೆ ಎರಡು ಗುಂಪು ಮಾಡಿ ನೋಡಿದ ಪ್ರಯೋಗವನ್ನು 2002ರಲ್ಲಿ ಅರ್ಧಕ್ಕೇ ನಿಲ್ಲಿಸಬೇಕಾಯಿತು. ಲಾಭಕ್ಕಿಂತ ಹಾನಿಯೇ ಜಾಸ್ತಿ ಇತ್ತು. ಮೊದಲು ಮಾತ್ರೆ ತಗೊಳ್ಳುತ್ತಿದ್ದವರು ಅನುಕೂಲಸ್ಥರು, ಆರೋಗ್ಯದ ಕಾಳಜಿ ಇದ್ದವರು. ನಮ್ಮ ಲಸಿಕೆಯ ಕಥೆಯೇ.

ಆದರೆ ಚೀಟಿ ಎತ್ತಿದ ಪ್ರಯೋಗವೂ ಕೆಡುತ್ತದೆ. ಅದು ಹೇಗೆ ಎನ್ನುವುದು ತೋಟದಲ್ಲಿ ಚೆನ್ನಾಗಿ ಕಾಣುತ್ತದೆ. ಅಂದಹಾಗೆ ಚೀಟಿ ಎತ್ತುವ ಈ ಪದ್ಧತಿ ಬೆಳೆದದ್ದೂ ಆಸ್ಪತ್ರೆಯಲ್ಲಲ್ಲ, ಹೊಲದಲ್ಲಿ. 1920ರ ದಶಕದಲ್ಲಿ ಇಂಗ್ಲೆಂಡಿನ ರೋಥಮ್‌ಸ್ಟೆಡ್ ಕೃಷಿ ಕೇಂದ್ರದಲ್ಲಿ ಆರ್. ಎ. ಫಿಶರ್ ಇದನ್ನು ಗಟ್ಟಿ ಮಾಡಿದರು. ನಮ್ಮ ಕಡೆ ಅದಕ್ಕೂ ಮೊದಲೇ, 1910ರಲ್ಲಿ, ಮೈಸೂರು ಸರ್ಕಾರದ ಕೆಲಸದಲ್ಲಿದ್ದ ಕೆನಡಾದ ಲೆಸ್ಲಿ ಕೋಲ್ಮನ್ ಅಡಿಕೆಯ ಕೊಳೆರೋಗಕ್ಕೆ ಕಾರಣವಾದ ಫೈಟಾಫ್ತೊರಾ ಎಂಬ ಶಿಲೀಂಧ್ರದಂಥ ಜೀವಿಯನ್ನು ವಿವರಿಸಿದ್ದರು. ಬೋರ್ಡೋ, ಅಂದರೆ ಮೈಲುತುತ್ತ ಮತ್ತು ಸುಣ್ಣದ ದ್ರಾವಣ ಹೊಡೆಯುವುದು ಆ ಕಾಲದಿಂದ ಬಂದದ್ದು.

ಈಗ ಯಾರೋ ಬೋರ್ಡೋಗಿಂತ ಒಳ್ಳೆಯದು ಎಂದು ಹೊಸ ಔಷಧಿ ತಂದರು ಎನ್ನಿ. ಹೋದ ವರ್ಷ ಬೋರ್ಡೋ, ಈ ವರ್ಷ ಇದು, ಕೊಳೆ ಕಡಿಮೆಯಾಯಿತು ಎನ್ನುತ್ತಾರೆ. ಮಳೆಯೂ ಕಡಿಮೆಯಾಗಿರಬಹುದಲ್ಲ? ಸರಿ, ಒಂದೇ ವರ್ಷ, ಒಂದೇ ತೋಟ, ಯಾವ ಮರಕ್ಕೆ ಯಾವುದು ಎಂದು ಚೀಟಿ ಎತ್ತಿದೆವು. ಮರ ಹತ್ತಿ ಔಷಧಿ ಹೊಡೆಯುವ ಕೊನೆಗೌಡ ಬಂದ. ಚೀಟಿಯಲ್ಲಿ ಬಂದ ಮರಕ್ಕೆ ಪಾಚಿ ಹಿಡಿದಿದೆ. ಜಾರುತ್ತದೆ ಎಂದು ಪಕ್ಕದ ಮರ ಹತ್ತಿದ. ಜೀವ ಕೈಯಲ್ಲಿ ಹಿಡಿದು ಹತ್ತುವವನನ್ನು ಬೈಯುವ ಹಾಗಿಲ್ಲ. ಆದರೆ ಪಾಚಿ ಇರುವುದು ತೇವ ಜಾಸ್ತಿ ಇರುವ ಮರದಲ್ಲಿ. ಕೊಳೆ ಬರುವುದೂ ಅಲ್ಲೇ. ಚೀಟಿ ಎತ್ತಿದ್ದು ವ್ಯರ್ಥವಾಯಿತು. ಮನುಷ್ಯರ ಮೇಲಿನ ಪ್ರಯೋಗದಲ್ಲೂ ಹೀಗೇ. ಮುಂದಿನ ಚೀಟಿ ಏನೆಂದು ಡಾಕ್ಟರಿಗೆ ಮೊದಲೇ ಗೊತ್ತಾದರೆ, ಸ್ವಲ್ಪ ಗಟ್ಟಿಯಾಗಿರುವ ರೋಗಿಯನ್ನು ಹೊಸ ಔಷಧಿಯ ಕಡೆ ಕಳಿಸುವ ಮನಸ್ಸಾಗುತ್ತದೆ.

ಎತ್ತರದ ಮರಕ್ಕೆ ಹೊಡೆದ ಔಷಧಿ ಗಾಳಿಗೆ ಪಕ್ಕದ ಮರಕ್ಕೂ ಬೀಳುತ್ತದೆ. ಹಾಗಾಗಿ ಮರ ಮರಕ್ಕೆ ಚೀಟಿ ಎತ್ತದೆ ತುಂಡು ತುಂಡು ತೋಟಕ್ಕೆ ಎತ್ತಬೇಕಾಗಬಹುದು. ಉದುರಿದ ಕಾಯಿ ಎಣಿಸುವವನಿಗೆ ಯಾವುದು ಯಾವ ಮರ ಎಂದು ಗೊತ್ತಿರಬಾರದು. ಕಂಪನಿಯವನೇ ಎಣಿಸಿದರಂತೂ ಮುಗಿಯಿತು. ಉದುರಿದ ಕಾಯಿ ಲೆಕ್ಕ ಹಾಕುತ್ತೇವೆ ಎಂದು ಶುರುಮಾಡಿ, ಅದರಲ್ಲಿ ವ್ಯತ್ಯಾಸ ಕಾಣದೇ ಹೋದಾಗ 'ಕಾಯಿಯ ಬಣ್ಣ ಚೆನ್ನಾಗಿದೆ' ಎಂದು ವರದಿ ಬರೆದರೆ ಅದು ಮೋಸ. ಈ ಕೊನೆಯದನ್ನು ಹಿಡಿಯಲೆಂದೇ ನಮ್ಮ ದೇಶದಲ್ಲಿ 2007ರಲ್ಲಿ ಕ್ಲಿನಿಕಲ್ ಟ್ರಯಲ್‌ಗಳ ನೋಂದಣಿ ಶುರುವಾಯಿತು, 2009ರಿಂದ ಕಡ್ಡಾಯವಾಯಿತು. ಏನನ್ನು ಅಳೆಯುತ್ತೇವೆ ಎಂದು ಮೊದಲೇ ಬರೆದಿಡಬೇಕು. ಅಂತರ್ಜಾಲದಲ್ಲಿ ಯಾರು ಬೇಕಾದರೂ ನೋಡಬಹುದು. ವಿದ್ಯಾರ್ಥಿಗಳೇ, ಒಂದು ಟ್ರಯಲ್ ವರದಿ ಓದಿದಾಗ ನೋಂದಣಿಯನ್ನೂ ತೆಗೆದು ಪಕ್ಕದಲ್ಲಿಟ್ಟು ನೋಡಿ. ಮಜಾ ಇರುತ್ತದೆ.

ಚೆನ್ನಾಗಿ ಮಾಡಿದ್ದಕ್ಕೂ ಒಂದು ಉದಾಹರಣೆ. 1948ರಲ್ಲಿ ಬ್ರಿಟನ್ನಿನಲ್ಲಿ ಕ್ಷಯಕ್ಕೆ ಸ್ಟ್ರೆಪ್ಟೊಮೈಸಿನ್ ಕೊಟ್ಟು ನೋಡಿದ ಪ್ರಯೋಗ ಪ್ರಕಟವಾಯಿತು. ಚೀಟಿಗಳು ಮುಚ್ಚಿದ ಲಕೋಟೆಯಲ್ಲಿದ್ದವು. ಎಕ್ಸ್-ರೇ ನೋಡಿದವರಿಗೆ ಯಾವ ರೋಗಿ ಯಾವ ಗುಂಪು ಎಂದು ಗೊತ್ತಿರಲಿಲ್ಲ. ಔಷಧಿ ಪಡೆದ 55 ಜನರಲ್ಲಿ ಆರು ತಿಂಗಳಲ್ಲಿ 4 ಜನ ತೀರಿಕೊಂಡರು. ಬರೀ ವಿಶ್ರಾಂತಿಯಲ್ಲಿದ್ದ 52 ಜನರಲ್ಲಿ 14 ಜನ. ಎಲ್ಲ ಸೇರಿ 107 ಜನ ಅಷ್ಟೇ. ದೊಡ್ಡ ಸಂಖ್ಯೆ ಇದ್ದರೇ ಒಳ್ಳೆಯ ಅಧ್ಯಯನ ಎಂದು ತಿಳಿದವರು ಇದನ್ನು ಓದಬೇಕು.

ಒಳ್ಳೆಯ ಅಧ್ಯಯನ ಎಂದ ಮಾತ್ರಕ್ಕೆ ಅದರ ಉತ್ತರ ನಮ್ಮೂರಿಗೂ ಹೊಂದುತ್ತದೆ ಎಂದಲ್ಲ. ಬಿಸಿಜಿ ಲಸಿಕೆ ಬ್ರಿಟನ್ನಿನ ಶಾಲಾಮಕ್ಕಳಲ್ಲಿ ಕ್ಷಯವನ್ನು ಚೆನ್ನಾಗಿ ತಡೆದಿತ್ತು. 1968ರಲ್ಲಿ ತಮಿಳುನಾಡಿನ ಚೆಂಗಲ್‌ಪಟ್ಟು ಕಡೆ ಎರಡೂವರೆ ಲಕ್ಷಕ್ಕೂ ಹೆಚ್ಚು ಜನರ ಮೇಲೆ ಪ್ರಯೋಗ ಶುರುವಾಯಿತು. ದೊಡ್ಡವರ ಶ್ವಾಸಕೋಶದ ಕ್ಷಯಕ್ಕೆ ಅದು ಏನೂ ರಕ್ಷಣೆ ಕೊಡಲಿಲ್ಲ. ಎರಡು ಪ್ರಯೋಗಗಳಲ್ಲಿ ಯಾವುದೂ ಸುಳ್ಳಲ್ಲ.

ಇನ್ನು ಅಡಿಕೆ. ಸಭೆಯಲ್ಲಿ ಸ್ವಲ್ಪ ಗುಸುಗುಸು ಕೇಳಿಸುತ್ತಿದೆ, ಪರವಾಗಿಲ್ಲ.

ಅಡಿಕೆ ತಿಂದರೆ ಬಾಯಿ ಕ್ಯಾನ್ಸರ್ ಬರುತ್ತದಾ ಎಂದು ನೋಡಲು ಚೀಟಿ ಎತ್ತುವ ಹಾಗಿಲ್ಲ. 'ನೀವು ಇಪ್ಪತ್ತು ವರ್ಷ ಕವಳ (ಎಲೆಯಡಿಕೆ) ಹಾಕಿ, ನೀವು ಹಾಕಬೇಡಿ' ಎನ್ನಲಿಕ್ಕಾಗುತ್ತದಾ? ಹಾಗಾಗಿ ಇಲ್ಲಿ ಕೇಸ್-ಕಂಟ್ರೋಲ್ ಮತ್ತು ಕೋಹಾರ್ಟ್ ಅಧ್ಯಯನಗಳೇ ಗತಿ. ರಾಂಡಮೈಸ್ಡ್ ಟ್ರಯಲ್ ಇಲ್ಲ, ಆದ್ದರಿಂದ ಸಾಬೀತಾಗಿಲ್ಲ ಎಂದು ಯಾರಾದರೂ ವಾದಿಸಿದರೆ, ಬೀಡಿ ಸಿಗರೇಟಿನ ವಿಷಯದಲ್ಲೂ ಅಂಥ ಟ್ರಯಲ್ ನಡೆದಿಲ್ಲ ಎಂದು ನೆನಪಿಸಿ.

ಕೇಸ್-ಕಂಟ್ರೋಲ್ ಎಂದರೆ ಕ್ಯಾನ್ಸರ್ ಬಂದವರನ್ನು ಒಂದು ಕಡೆ, ಬಾರದವರನ್ನು ಒಂದು ಕಡೆ ಕೂರಿಸಿ, ಹಿಂದೆ ಏನು ಮಾಡುತ್ತಿದ್ದಿರಿ ಎಂದು ಕೇಳುವುದು. ಇದು ಎಡವುವುದು ಎರಡು ಜಾಗದಲ್ಲಿ. ಕ್ಯಾನ್ಸರ್ ಬಂದವನು 'ನನಗ್ಯಾಕೆ ಬಂತು' ಎಂದು ರಾತ್ರಿಯಿಡೀ ಯೋಚಿಸಿರುತ್ತಾನೆ. ತಿಂದ ಒಂದೊಂದು ಎಲೆಯೂ ನೆನಪಿರುತ್ತದೆ. ಆರೋಗ್ಯವಾಗಿರುವವನು 'ಎಲ್ಲೋ ಮದುವೆ ಮನೇಲಿ' ಎಂದುಬಿಡುತ್ತಾನೆ. ಇನ್ನೊಂದು, ಹೋಲಿಕೆಗೆ ಯಾರನ್ನು ತಂದರು ಎಂಬುದು. ಅದೇ ಆಸ್ಪತ್ರೆಯ ಹಲ್ಲಿನ ವಿಭಾಗಕ್ಕೆ ಬಂದವರನ್ನು ತಂದರೆ, ಅವರೂ ಕವಳದಿಂದಲೇ ಹಲ್ಲು ಕೆಡಿಸಿಕೊಂಡವರಾಗಿರಬಹುದು. ಆಗ ವ್ಯತ್ಯಾಸ ಮುಚ್ಚಿಹೋಗುತ್ತದೆ.

ನಮ್ಮ ಬೆಳೆಗಾರರ ಮುಖ್ಯ ತಕರಾರು ಬೇರೆ: ಕ್ಯಾನ್ಸರ್ ತರುವುದು ತಂಬಾಕು, ಅಡಿಕೆಯ ಮೇಲೆ ಸುಮ್ನೆ ಗೂಬೆ ಕೂರಿಸುತ್ತಾರೆ ಎಂದು. ಇದು ಬಹಳ ಒಳ್ಳೆಯ ತಕರಾರು. ವಿಜ್ಞಾನಿಗಳು ಕೇಳಬೇಕಾದ ಪ್ರಶ್ನೆಯೇ ಅದು, ಅವರೂ ಅದನ್ನೇ ಕೇಳಿದರು. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ 1985ರಲ್ಲಿ ಈ ವಿಷಯ ಪರಿಶೀಲಿಸಿದಾಗ, ತಂಬಾಕು ಸೇರಿದ ಕವಳ ಕ್ಯಾನ್ಸರ್‌ಕಾರಕ, ತಂಬಾಕಿಲ್ಲದ ಕವಳದ ಬಗ್ಗೆ ಪುರಾವೆ ಸಾಲದು ಎಂದೇ ಹೇಳಿತು. ನಿಮ್ಮ ತಕರಾರನ್ನು ಅವರೇ ಒಪ್ಪಿದ್ದರು. ಆಮೇಲೆ ತೈವಾನಿನಿಂದ ಅಧ್ಯಯನಗಳು ಬಂದವು. ಅಲ್ಲಿ ಎಲೆಯಡಿಕೆಗೆ ತಂಬಾಕು ಸೇರಿಸುವ ರೂಢಿಯೇ ಇಲ್ಲ. ಅಲ್ಲಿಯೂ ಅಡಿಕೆ ಜಗಿಯುವವರಲ್ಲಿ ಬಾಯಿ ಕ್ಯಾನ್ಸರ್ ಜಾಸ್ತಿ ಕಂಡಿತು. ಅವರಲ್ಲಿ ಅನೇಕರು ಸಿಗರೇಟು ಸೇದುತ್ತಾರೆ, ಕುಡಿಯುತ್ತಾರೆ, ನಿಜ. ಅದನ್ನು ಲೆಕ್ಕದಲ್ಲಿ ಬೇರೆ ಮಾಡಿ ನೋಡಿದರೂ ಅಡಿಕೆಯ ಪಾಲು ಉಳಿಯಿತು. 2004ರಲ್ಲಿ ಅದೇ ಸಂಸ್ಥೆ ತಂಬಾಕಿಲ್ಲದ ಕವಳವನ್ನೂ ಅಡಿಕೆಯನ್ನೂ ಕ್ಯಾನ್ಸರ್‌ಕಾರಕಗಳ ಒಂದನೇ ಗುಂಪಿಗೆ ಸೇರಿಸಿತು.

ಒಂದನೇ ಗುಂಪು ಎಂದ ಕೂಡಲೇ ಎಲ್ಲರೂ ಹೌಹಾರುತ್ತಾರೆ. ಆ ಗುಂಪು ಹೇಳುವುದು ಪುರಾವೆ ಎಷ್ಟು ಗಟ್ಟಿ ಎಂದು. ಅಪಾಯ ಎಷ್ಟು ದೊಡ್ಡದು ಎಂದು ಅದು ಹೇಳುವುದಿಲ್ಲ. ಬಿಸಿಲೂ ಅದೇ ಗುಂಪಿನಲ್ಲಿದೆ, ಹೆಂಡವೂ ಇದೆ. ಅಪಾಯ ಎಷ್ಟು ಎಂಬುದಕ್ಕೆ, ಎಷ್ಟು ವರ್ಷ, ದಿನಕ್ಕೆಷ್ಟು, ಏನೇನು ಸೇರಿಸಿ ಎಂದು ಕೇಳಿದ ಅಧ್ಯಯನಗಳನ್ನೇ ನೋಡಬೇಕು. 2024ರಲ್ಲಿ ಬಂದ ಇನ್ನೊಂದು ಅಂದಾಜು ಪೇಪರಿನಲ್ಲಿ ನೋಡಿರುತ್ತೀರಿ: 2022ರಲ್ಲಿ ಜಗತ್ತಿನ 3,89,800 ಬಾಯಿ ಕ್ಯಾನ್ಸರ್‌ಗಳಲ್ಲಿ 1,20,200ಕ್ಕೆ ಹೊಗೆರಹಿತ ತಂಬಾಕು ಅಥವಾ ಅಡಿಕೆ ಕಾರಣ. ಎರಡೂ ಸೇರಿ. ತಲೆಬರಹದಲ್ಲಿ ಒಂದು ಬಿಟ್ಟುಹೋದರೆ ಅರ್ಥವೇ ಬೇರೆಯಾಗುತ್ತದೆ.

ಅಡಿಕೆಯ ಸಾರವನ್ನು ಇಲಿಗೆ ಕೊಟ್ಟೆವು, ಲಾಭವೇ ಆಯಿತು ಎಂಬ ವರದಿಗಳೂ ಸಿಗುತ್ತವೆ. ಅವು ಸುಳ್ಳೆಂದು ನಾನು ಹೇಳುವುದಿಲ್ಲ. ಅವು ಬೇರೆ ಪ್ರಶ್ನೆಗೆ ಉತ್ತರ. ಇಲಿಯ ಹೊಟ್ಟೆಗೆ ಹೋದ ಸಾರಕ್ಕೂ ಮನುಷ್ಯನ ದವಡೆಯಲ್ಲಿ ಗಂಟೆಗಟ್ಟಲೆ ಕೂತ ಹೋಳಿಗೂ ವ್ಯತ್ಯಾಸ ಇದೆ. ದುಡ್ಡು ಕೊಟ್ಟವರು ಯಾರು ಎಂದು ಎರಡೂ ಕಡೆ ಕೇಳಿ. ದುಡ್ಡಿನ ಮೂಲ ನೋಡಿ ವರದಿಯನ್ನು ಎಸೆಯಬೇಡಿ, ವಿಧಾನವನ್ನು ಇನ್ನೊಂದು ಸಲ ಓದಿ. ಇಷ್ಟೆಲ್ಲ ಓದಿದ ಮೇಲೆ ಅಡಿಕೆ ನಿರಪರಾಧಿ ಎಂದು ಹೇಳಲು ನನ್ನಿಂದ ಆಗುವುದಿಲ್ಲ. ಮಕ್ಕಳ ಕೈಗೆ ಎರಡು ರೂಪಾಯಿಗೆ ಸಿಗುವ ಪೊಟ್ಟಣದ ವಿಷಯದಲ್ಲಂತೂ ಸಂಶಯವೇ ಇಲ್ಲ. ತೋಟದ ಮೇಲೆ ಬದುಕಿರುವ ಊರಿನಲ್ಲಿ ನಿಂತು ಹೇಳುತ್ತಿದ್ದೇನೆ, ಗೊತ್ತು.

ಗುಣಮಟ್ಟ ಅಳೆಯಲು ರೆಡಿ ಪಟ್ಟಿಗಳಿಲ್ಲವಾ ಎಂದು ಮೇಷ್ಟ್ರೊಬ್ಬರು ಮೊದಲೇ ಕೇಳಿದ್ದರು. ಬೇಕಾದಷ್ಟಿವೆ. ಟ್ರಯಲ್‌ಗೆ ಕಾಕ್ರೇನ್ ಪಟ್ಟಿ, ಕೋಹಾರ್ಟ್‌ಗೆ ಮತ್ತು ಕೇಸ್-ಕಂಟ್ರೋಲ್‌ಗೆ ನ್ಯೂಕ್ಯಾಸಲ್-ಒಟ್ಟಾವ ಪಟ್ಟಿ, ರೋಗಪತ್ತೆ ಪರೀಕ್ಷೆಗಳಿಗೆ ಕ್ವಾಡಾಸ್. ಬಳಸಿ. ಆದರೆ ಅಂಕ ಕೂಡಿಸಿ 'ಹತ್ತಕ್ಕೆ ಏಳು' ಎಂದು ಬರೆಯಬೇಡಿ. 1999ರಲ್ಲಿ ಯೂನಿ ಮತ್ತು ಅವರ ಜೊತೆಯವರು ರಕ್ತ ಹೆಪ್ಪುಗಟ್ಟದಂತೆ ತಡೆಯುವ ಹೆಪಾರಿನ್ ಔಷಧಿಯ ಅದೇ 17 ಟ್ರಯಲ್‌ಗಳಿಗೆ 25 ಬೇರೆ ಬೇರೆ ಪಟ್ಟಿಗಳಿಂದ ಅಂಕ ಹಾಕಿ ನೋಡಿದರು. ಒಂದು ಪಟ್ಟಿಯ ಪ್ರಕಾರ ಉತ್ತಮ ಎನಿಸಿದ ಟ್ರಯಲ್‌ಗಳಲ್ಲಿ ಔಷಧಿಗೆ ಲಾಭ ಕಾಣಲಿಲ್ಲ. ಇನ್ನೊಂದು ಪಟ್ಟಿ ಹಿಡಿದರೆ ಉಲ್ಟಾ. ಚೀಟಿ ಮುಚ್ಚಿಡದೇ ಕೆಟ್ಟ ಪ್ರಯೋಗಕ್ಕೆ, ಮುನ್ನುಡಿ ಚೆನ್ನಾಗಿದೆ ಎಂದು ಅಂಕ ಕೊಟ್ಟು ಪಾಸು ಮಾಡಿದ ಹಾಗೆ ಆಗುತ್ತದೆ.

ಸಂದರ್ಶನ ಮಾಡಿ ಬರೆಯುವ ಅಧ್ಯಯನಗಳನ್ನು ಈ ಅಳತೆಗೋಲಿಗೆ ಸಿಕ್ಕಿಸಲೇಬೇಡಿ. ಜನ ಲಸಿಕೆಯನ್ನು ಯಾಕೆ ಬೇಡ ಎಂದರು ಎಂದು ತಿಳಿಯಲು ಇಪ್ಪತ್ತು ಮನೆ ಸಾಕಾಗಬಹುದು. ಅಲ್ಲಿ ನೋಡಬೇಕಾದ್ದು, ಆ ಇಪ್ಪತ್ತರಲ್ಲಿ ಕಾಡಿಗೆ ಹೋಗುವ ಹೆಂಗಸರಿದ್ದರಾ, ಕೇಳಿದವರು ಆರೋಗ್ಯ ಇಲಾಖೆಯ ಜೀಪಿನಲ್ಲಿ ಹೋಗಿ ಕೇಳಿದರಾ ಎಂದು. ಜೀಪಿನಿಂದ ಇಳಿದವರಿಗೆ ಯಾರು ನಿಜ ಹೇಳುತ್ತಾರೆ?

ಕೊನೆಗೆ ಒಬ್ಬ ಆಶಾ ಕಾರ್ಯಕರ್ತೆ ಎದ್ದು ಕೇಳಿದರು: "ಸರ್, ಹೊಸ ಲಸಿಕೆ ಬರ್ತಿದೆ ಅಂತಾರೆ. ಚೀಟಿ ಎತ್ತಿ ಅರ್ಧ ಜನಕ್ಕೆ ಹಾಕ್ತೀವಿ, ಅರ್ಧ ಜನಕ್ಕೆ ಇಲ್ಲ ಅಂತ ನಾನು ಯಾವ ಬಾಯಲ್ಲಿ ಊರಲ್ಲಿ ಹೇಳ್ಲಿ?"

ನಾನು ಹೇಳಿದೆ: "ಅಮ್ಮಾ, ಯಾರಿಗೂ ಇಲ್ಲ ಅನ್ನಬೇಕಾಗಿಲ್ಲ. ಮೊದಲು ಅದು ಸುರಕ್ಷಿತ ಅಂತ ತಿಳಿಯಬೇಕು, ಅದು ಬೇರೆ ಹಂತ. ಆಮೇಲೆ ಎಲ್ಲ ಊರಿಗೂ ಕೊಡಬಹುದು. ಒಂದೇ ಸಲ ಎಲ್ಲ ಕಡೆ ಕೊಡೋಕೆ ಲಸಿಕೆಯೂ ಸಾಲಲ್ಲ, ಜನವೂ ಸಾಲಲ್ಲ. ಹೇಗೂ ಸರದಿ ಬೇಕು. ಆ ಸರದಿಯನ್ನು ಚೀಟಿ ಎತ್ತಿ ಮಾಡಿದರೆ ಆಯಿತು. ಸರದಿ ಬಂದ ಊರನ್ನು, ಇನ್ನೂ ಬಾರದ ಊರಿನ ಜೊತೆ ಹೋಲಿಸಬಹುದು."

ಅವರು ಕೂರಲಿಲ್ಲ. "ನಮ್ಮ ಅರಳಗೋಡಿನಲ್ಲಿ ಒಂದು ವರ್ಷ ಎಷ್ಟೊಂದು ಜನರಿಗೆ ಬಂತು, ಮುಂದಿನ ವರ್ಷ ಬೇರೆ ಕಡೆ ಹೋಯ್ತು. ಸರದಿ ಮುಗಿಯೋಷ್ಟರಲ್ಲಿ ಕಾಯಿಲೆನೇ ಜಾಗ ಬದಲಾಯಿಸಿದ್ರೆ?"

ಅದೇ ದೊಡ್ಡ ತೊಡಕು. ಈ ಕಾಯಿಲೆ ಡಿಸೆಂಬರ್‌ನಿಂದ ಮೇ ತನಕ ಏಳುತ್ತದೆ, ಒಂದೊಂದು ವರ್ಷ ಒಂದೊಂದು ಕಡೆ. ಹಾಗಾಗಿ ಸರದಿಯ ಒಂದೊಂದು ಹಂತವೂ ಒಂದೊಂದು ಹಂಗಾಮಿಗೆ ಮೊದಲು ಶುರುವಾಗಬೇಕು, ಪ್ರತಿ ಹಂತದ ಊರುಗಳು ಬೇರೆ ಬೇರೆ ತಾಲ್ಲೂಕಿನವಾಗಿರಬೇಕು, ಮತ್ತು ಒಂದಕ್ಕಿಂತ ಹೆಚ್ಚು ಹಂಗಾಮು ನೋಡಬೇಕು. ಜ್ವರ ಬಂದವರೆಲ್ಲರ ರಕ್ತವನ್ನೂ, ಲಸಿಕೆ ಆಗಿದೆಯೋ ಇಲ್ಲವೋ ನೋಡದೆ, ಪರೀಕ್ಷೆಗೆ ಕಳಿಸಬೇಕು. ಆ ಕೆಲಸ ಬೀಳುವುದು ಮತ್ತೆ ಆಶಾಗಳ ತಲೆ ಮೇಲೆಯೇ. ಅದಕ್ಕೆ ಬೇರೆ ಭತ್ಯೆ ಕೊಡುತ್ತಾರಾ ಎಂದು ಅವರು ಕೇಳಿದರು. ಅಧ್ಯಯನದ ಬಜೆಟ್ಟಿನಲ್ಲೇ ಅದನ್ನು ಬರೆಸಬೇಕು ಎಂದೆ.